ಕುರ್ಚಿಯೊಳಗೆ ಹೊಲಿದ ಫೈಲು

ನಮ್ಮ ಯಜಮಾನರದು ಸೋಫಾ, ಕುರ್ಚಿಗಳಿಗೆ ಕುಶನ್ ಹಾಕುವ ಕೆಲಸ. ಬಾಯ್ತುಂಬ ಸಣ್ಣ ಮೊಳೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಎರಡೇ ಏಟಿಗೆ ಬಟ್ಟೆಯನ್ನು ಮರಕ್ಕೆ ಬಿಗಿಯುತ್ತಿದ್ದರು. ಬೀದಿಯವರು ಇಟ್ಟ ಹೆಸರು ಮೊಳೆಬಾಯಿ. ಬಾಯಲ್ಲಿ ಮೊಳೆ ಇದ್ದಷ್ಟು ಹೊತ್ತು ನನ್ನ ಜೊತೆ ಜಗಳಕ್ಕೆ ಬರುತ್ತಿರಲಿಲ್ಲ, ಅದೊಂದು ಸುಖ ನನಗೆ.

ಏಳು ವರ್ಷದ ಹಿಂದೆ ಅದೇ ಬಾಯಿಗೆ ಕ್ಯಾನ್ಸರ್ ಬಂತು, ಎಡಗೆನ್ನೆಯ ಒಳಗೆ. ಆರು ವಾರ ರೇಡಿಯೇಷನ್ ಕೊಟ್ಟರು, ವಾಸಿಯಾಯಿತು. ಜೀವ ಉಳಿಯಿತು, ಗಿರಾಕಿಗಳು ಉಳಿಯಲಿಲ್ಲ. ಕ್ಯಾನ್ಸರ್ ಬಾಯಿಯ ಎಂಜಲು ಮೊಳೆ ತಮ್ಮ ಸೋಫಾಕ್ಕೆ ಬೇಡವೆಂದರು. ಅದು ಅಂಟುವ ಕಾಯಿಲೆಯಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿಹೋಯಿತು. ಕೊನೆಗೆ ಊರಿನ ಇನ್ನೊಂದು ತುದಿಗೆ ಮನೆ ಬದಲಾಯಿಸಿದೆವು. ಇಲ್ಲಿ ಯಾರ ಮುಂದೆಯೂ ಉಸಿರೆತ್ತಬಾರದು ಎಂದು ನಾನೇ ಆಣೆ ಮಾಡಿಸಿಕೊಂಡೆ. ಆಸ್ಪತ್ರೆಯ ಫೈಲನ್ನು ಇವರು ನಮ್ಮ ಮನೆಯ ಕುರ್ಚಿಯ ಮೆತ್ತೆಯೊಳಗಿಟ್ಟು ಹೊಲಿದುಬಿಟ್ಟರು. ಇವರ ಬುದ್ಧಿ ಓಡುವುದೇ ಅಲ್ಲಿಗೆ. ನಾನು ಅದರ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದೆ.

ಹೊಸ ಬೀದಿಯಲ್ಲಿ ಕೈತುಂಬ ಕೆಲಸ ಬಂತು. ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಅಷ್ಟೂ ಕುರ್ಚಿಗಳನ್ನು ಇವರಿಗೇ ಕೊಟ್ಟರು, ರೋಗಿಗಳು ಒರಗುವ ದೊಡ್ಡ ಕುರ್ಚಿ ಸಹ. ಹೋದ ವರ್ಷ ಎಡಗಡೆ ಕೆಳದವಡೆಯ ಹಲ್ಲು ನೋಯತೊಡಗಿದಾಗ ಇವರು ಒರಗಿದ್ದು ತಾವೇ ಕುಶನ್ ಹಾಕಿದ ಆ ಕುರ್ಚಿಯಲ್ಲಿ.

"ಮುಂಚೆ ಏನಾದ್ರೂ ದೊಡ್ಡ ಕಾಯಿಲೆ, ಟ್ರೀಟ್‌ಮೆಂಟ್ ಆಗಿತ್ತಾ?" ಎಂದು ಡಾಕ್ಟರು ಕೇಳಿದರು.

ಇವರು ನನ್ನ ಮುಖ ನೋಡಿದರು.

"ಏನೂ ಇಲ್ಲ ಡಾಕ್ಟ್ರೇ, ಗಟ್ಟಿ ಆಳು," ಎಂದೆ. ಹೇಳಿದವಳು ನಾನು.

ಹಲ್ಲು ಕಿತ್ತರು. ಬೇಗ ಕೂಡಿಕೊಳ್ಳಬೇಕಿದ್ದ ಗಾಯ ತಿಂಗಳಾದರೂ ತೆರೆದೇ ಇತ್ತು. ಸಕ್ಕರೆ ಕಾಯಿಲೆ ಇರಬಹುದೆಂದು ರಕ್ತ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ಮಾತ್ರೆ ಮೇಲೆ ಮಾತ್ರೆ ಬದಲಾಯಿತು. ಮೂರನೇ ತಿಂಗಳು ಇವರು, "ಒಳಗೇನೋ ಚೂಪಾಗಿ ನಾಲಿಗೆಗೆ ಸಿಗ್ತಿದೆ ಕಣೇ, ನೋಡು," ಎಂದರು. ಟಾರ್ಚು ಹಿಡಿದು ನೋಡಿದೆ. ದವಡೆಯ ಮೂಳೆ ಕಾಣುತ್ತಿತ್ತು.

ದೊಡ್ಡಾಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರಮ್ಮ ಕೆನ್ನೆ ಮುಟ್ಟಿದ ಕೂಡಲೇ, "ಇಲ್ಲಿ ರೇಡಿಯೇಷನ್ ಆಗಿದೆ ಅಲ್ವಾ? ಹಳೇ ಫೈಲ್ ತನ್ನಿ," ಎಂದರು. ಇವರು ಮನೆಗೆ ಬಂದು ಕುರ್ಚಿಯ ಹೊಲಿಗೆ ಬಿಚ್ಚಿದರು. ಕೊನೆಯ ಹಾಳೆಯಲ್ಲಿ ಕೆಂಪು ಗೆರೆ ಎಳೆದು ಬರೆದಿತ್ತು: ನಮ್ಮನ್ನು ಕೇಳದೆ ಹಲ್ಲು ಕೀಳಿಸಬಾರದು. ಅಂದು ಆಸ್ಪತ್ರೆಯವರು ಓದಿಯೂ ಹೇಳಿದ್ದರು. ಮುಚ್ಚಿಡುವ ಗಡಿಬಿಡಿಯಲ್ಲಿ ಇಬ್ಬರೂ ಮರೆತಿದ್ದೆವು.

"ಆ ಕಿರಣ ಗಡ್ಡೆ ಜೊತೆಗೆ ಅಲ್ಲಿನ ಸಣ್ಣ ರಕ್ತನಾಳಗಳನ್ನೂ ಹಾಳು ಮಾಡಿರುತ್ತಮ್ಮ," ಎಂದರು ಡಾಕ್ಟರಮ್ಮ. "ಮೇಲ್ನೋಟಕ್ಕೆ ಚೆನ್ನಾಗೇ ಇರುತ್ತೆ. ಗಾಯ ಆದಾಗ ಅದನ್ನ ಮಾಯಿಸೋಕೆ ಸಾಕಷ್ಟು ರಕ್ತ ಬರಲ್ಲ. ವರ್ಷಗಟ್ಟಲೆ ಆದ್ರೂ ಅಷ್ಟೇ. ಮೊದಲೇ ಹೇಳಿದ್ರೆ ಆ ಹಲ್ಲನ್ನ ಕೀಳದೇ, ಬೇರು ಕ್ಲೀನ್ ಮಾಡಿ ಉಳಿಸ್ಬಹುದಿತ್ತು."

ಎಡದವಡೆಯ ಒಂದು ತುಂಡನ್ನೇ ತೆಗೆದರು. ತುಟಿ ಈಗ ಪೂರ್ತಿ ಮುಚ್ಚುವುದಿಲ್ಲ. ಮೊಳೆ ನಿಲ್ಲುವುದಿಲ್ಲ, ಮಾತೂ ತೊದಲುತ್ತದೆ. ನನ್ನನ್ನು ಇವರು ಒಂದು ಮಾತೂ ಅಂದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊನ್ನೆ ಎದುರುಮನೆ ಅಜ್ಜಿ ನೋಡಲು ಬಂದಾಗ ತಡೆಯಲಾರದೆ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ.

"ಗೊತ್ತಿತ್ತು ಬಿಡಮ್ಮ," ಎಂದರು ಅಜ್ಜಿ. "ಎಡಗೆನ್ನೇಲಿ ಗಡ್ಡಾನೇ ಬೆಳೀತಿರ್ಲಿಲ್ವಲ್ಲ. ನನ್ನ ತಮ್ಮನಿಗೂ ರೇಡಿಯೇಷನ್ ಕೊಟ್ಟ ಮೇಲೆ ಹಾಗೇ ಆಗಿತ್ತು. ಬೀದೀಲಿ ಎಲ್ಲರಿಗೂ ಗೊತ್ತು. ಕೆಲಸ ಚೆನ್ನಾಗಿತ್ತು, ಕೊಡ್ತಿದ್ವಿ."

ಅಷ್ಟು ಹತ್ತಿರದಿಂದ ಬಾಯಿ ನೋಡಿದ ಹಲ್ಲಿನ ಡಾಕ್ಟರಿಗೆ ಮಾತ್ರ ಆ ಅರ್ಧ ಗಡ್ಡ ಕಾಣಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯುತ್ತದೆ. ಆದರೆ ಅವರು ಕೇಳಿದ್ದರು. ಇಡೀ ಬೀದಿಯಲ್ಲಿ ನಾನು ಮೋಸ ಮಾಡಿದ್ದು ಇಕ್ಕಳ ಹಿಡಿದಿದ್ದ ಅವರೊಬ್ಬರಿಗೇ.

ಇವರು ಕೆಲಸ ಬಿಟ್ಟಿಲ್ಲ. ನಾನು ಪಕ್ಕದಲ್ಲಿ ಕೂತು ಡಬ್ಬಿಯಿಂದ ಒಂದೊಂದೇ ಮೊಳೆ ಎತ್ತಿ ಕೊಡುತ್ತೇನೆ. ಇವರು ನನ್ನ ಮುಖ ನೋಡದೆ ಕೈ ಚಾಚುತ್ತಾರೆ.