ಮುಸುರೆ ಬಕೆಟ್ಟಿನ ತೂಕ

ನಮ್ಮ ಶಾಲೆಯ ಅಡುಗೆಯವರನ್ನು ಮಕ್ಕಳಿಂದ ಹಿಡಿದು ಹೆಡ್‌ಮಾಸ್ಟರವರೆಗೆ ಎಲ್ಲರೂ ಕರೆಯುವುದು ದೊಡ್ಡಕ್ಕ ಎಂದೇ. ಹತ್ತೊಂಬತ್ತು ವರ್ಷ ಇನ್ನೂರಕ್ಕೂ ಹೆಚ್ಚು ಮಕ್ಕಳಿಗೆ ಅಡುಗೆ ಮಾಡಿದವರು. ಎರಡು ವರ್ಷದ ಹಿಂದೆ ಊಟ ದೂರದ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರತೊಡಗಿತು. ಬೆಳಿಗ್ಗೆ ಆರಕ್ಕೆ ಬೆಂದದ್ದು ಹನ್ನೆರಡೂವರೆಗೆ ತಟ್ಟೆಗೆ. ದೊಡ್ಡಕ್ಕನಿಗೆ ಉಳಿದದ್ದು ಬಡಿಸುವುದು, ಮುಸುರೆ ಬಕೆಟ್ಟು ಎತ್ತುವುದು.

ಒಂದು ದಿನ ದೊಡ್ಡಕ್ಕ, ನಾನು ವಿಜ್ಞಾನ ಕಲಿಸುವ ಕೋಣೆಯ ಬಾಗಿಲಿಗೆ ಬಂದರು.

"ಮೇಷ್ಟ್ರೇ, ಆ ಕೊಕ್ಕೆ ತಕ್ಕಡಿ ಕೊಡ್ತೀರಾ? ಮಕ್ಕಳು ಚೆಲ್ಲೋ ಅನ್ನ ತೂಗ್ಬೇಕು."

"ಯಾಕೆ ದೊಡ್ಡಕ್ಕ?"

"ನಾನು ಹೇಳಿದ್ರೆ ಗೊಣಗ್ತಾಳೆ ಅಂತಾರೆ. ತಕ್ಕಡಿ ಹೇಳಿದ್ರೆ ಕೇಳ್ತಾರೇನೋ."

ಅರವತ್ತು ದಿನ ತೂಗಿ, ಅಡುಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಬಕೆಟ್ಟಿನ ತೂಕ ಕಳೆದು, ದಿನಕ್ಕೆ ಸರಾಸರಿ ಹದಿನಾಲ್ಕು ಕಿಲೋ. ಆ ಬಾಗಿಲನ್ನೇ ತೋರಿಸಿ ಶಾಲೆಗಳ ಊಟ ನೋಡಿಕೊಳ್ಳುವ ಅಧಿಕಾರಿಯಿಂದ ಐದು ದಿನದ ಅವಕಾಶ ಪಡೆದರು. ಅಡುಗೆ ಇಲ್ಲೇ ಆಗಲಿ, ಆದರೆ ಒಂದು ಷರತ್ತು. ಐದನೆಯ ದಿನ ಮುಸುರೆ ಅರ್ಧಕ್ಕಿಳಿಯದಿದ್ದರೆ ಒಲೆ ಗುಜರಿಗೆ.

ಮೊದಲ ದಿನ ಒಲೆಯಿಂದ ಇಳಿಸಿದ್ದನ್ನು ಇಳಿಸಿದ ಹಾಗೇ, ಹಬೆಯಾಡುತ್ತಿರುವಾಗಲೇ ಅಭಿಮಾನದಿಂದ ಬಡಿಸಿದರು. ಮುಸುರೆ ಹದಿನೇಳು ಕಿಲೋ!

"ಏನಮ್ಮಾ, ಕುಣಿಯೋಕೆ ಬರದವಳು ನೆಲ ಡೊಂಕು ಅಂದ ಹಾಗಾಯ್ತಲ್ಲ," ಎಂದು ಅಧಿಕಾರಿ ನಕ್ಕು ಹೋದರು.

"ಇವತ್ತಿಂದು ಬರೀಬೇಡಿ ದೊಡ್ಡಕ್ಕ, ಮೊದಲ ದಿನ ಅಲ್ವಾ," ಎಂದೆ.

"ವ್ಯಾನಿನವ್ರದ್ದಾದ್ರೆ ಬರೀಬೇಕು, ನಂದಾದ್ರೆ ಬೇಡ್ವಾ?"

ಹದಿನೇಳು ಎಂದು ಎಲ್ಲಕ್ಕಿಂತ ದಪ್ಪಗೆ ಬರೆದರು. ವಿಜ್ಞಾನ ಓದಿದ ನನಗೆ ನಾಚಿಕೆಯಾಯಿತು.

ಆಮೇಲೆ ಎರಡನೆಯ ತರಗತಿಗೆ ಹೋಗಿ ನೆಲದ ಮೇಲೆ ಕುಳಿತರು. "ಯಾಕ್ರೋ ಚೆಲ್ಲಿದ್ರಿ? ಚೆನ್ನಾಗಿರ್ಲಿಲ್ವಾ?"

"ಚೆನ್ನಾಗಿತ್ತು. ನಾಲಿಗೆ ಸುಡ್ತು. ಊದ್ತಾ ಇದ್ವಿ, ಅಷ್ಟ್ರಲ್ಲಿ ಬೆಲ್ ಹೊಡೆದ್ಬಿಟ್ರು."

ತಣ್ಣನೆಯ ಊಟ ಬರಲು ಶುರುವಾದಾಗ, ಬೇಗ ಉಂಡು ಮುಗಿಸುತ್ತಾರೆಂದು ಊಟದ ಬಿಡುವನ್ನು ಹದಿನೈದು ನಿಮಿಷಕ್ಕೆ ಇಳಿಸಿದ್ದರು. ಅದು ನಮಗ್ಯಾರಿಗೂ ನೆನಪಿರಲಿಲ್ಲ.

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡ ದೊಡ್ಡಕ್ಕ ನೇರ ಹೆಡ್‌ಮಾಸ್ಟರ ಬಳಿ ಹೋಗಿ ಇನ್ನೂ ಹತ್ತು ನಿಮಿಷ ಪಡೆದೇ ಬಂದರು.

ಮರುದಿನದಿಂದ ಅನ್ನವನ್ನು ಮೂರು ದೊಡ್ಡ ಹರಿವಾಣಗಳಲ್ಲಿ ಹರವಿ, ಮೇಲೆ ಅಂಗೈಯ ಹಿಂಬದಿ ಹಿಡಿದು ಕಾಯತೊಡಗಿದರು. "ಹೂಂ, ಈಗ ಬಡಿಸಿ." ನಾನು ಥರ್ಮಾಮೀಟರ್ ಚುಚ್ಚಿದೆ: ಐವತ್ತೆಂಟು ಡಿಗ್ರಿ. ಪಕ್ಕದ ಹರಿವಾಣವೂ ಐವತ್ತೆಂಟು. ಒಂದು ದಿನ ಸೆಕೆ, ಒಂದು ದಿನ ಜೋರು ಗಾಳಿ. ನಾಲ್ಕು ದಿನದಲ್ಲಿ ಹನ್ನೆರಡು ಸಲ ಅಳೆದೆ. ವ್ಯತ್ಯಾಸ ಒಂದು ಡಿಗ್ರಿ ದಾಟಲಿಲ್ಲ. ಉಪಕರಣವನ್ನು ಒರೆಸಿ ಜೇಬಿಗಿಟ್ಟು, ಸುಟ್ಟ ಕಲೆಗಳಿದ್ದ ಆ ಕೈಯನ್ನೇ ನೋಡುತ್ತ ನಿಂತುಬಿಟ್ಟೆ.

ಐದನೆಯ ದಿನ ಅಧಿಕಾರಿ ತಾವೇ ತಕ್ಕಡಿ ಎತ್ತಿದರು. ಬಕೆಟ್ಟಿನದು ಕಳೆದರೆ ಎರಡು ಕಿಲೋ. ಇಳಿಸಿ, ಮತ್ತೆ ಎತ್ತಿದರು. ಎರಡೇ.

"ನಾಳೆಯಿಂದ ವ್ಯಾನ್ ಬೇಡ," ಎಂದರು. ದನಿ ಇಳಿದಿತ್ತು. "ವ್ಯಾನ್ ಹೋಗೋ ಮಿಕ್ಕ ಏಳು ಶಾಲೆಯ ಅಡುಗೆಯವ್ರಿಗೂ ನೀವೇ ಹೇಳ್ಕೊಡ್ತೀರಾ, ಅಮ್ಮಾ?"

"ಅಡುಗೆ ಅವ್ರಿಗೆ ಬರುತ್ತೆ ಸಾರ್," ಎಂದರು ದೊಡ್ಡಕ್ಕ, ಬಕೆಟ್ಟು ತೊಳೆಯುತ್ತಲೇ. "ಮೊದ್ಲು ಅಲ್ಲಿ ಮಕ್ಕಳಿಗೆ ಉಣ್ಣೋಕೆ ಎಷ್ಟು ನಿಮಿಷ ಬಿಡ್ತಾರೆ, ಅದನ್ನ ಕೇಳ್ಕೊಂಡ್ ಬನ್ನಿ."