ಕಂಕುಳಿನ ಕಲ್ಲಂಗಡಿ

ನಮ್ಮೂರ ಡೆಲ್ರಾಯ್ ಪ್ರುಯಿಟ್ ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಅವುಚಿಕೊಂಡು ಎದುರಾಳಿ ಸೈನ್ಯವನ್ನೇ ಸೀಳಿ ಓಡುತ್ತಿದ್ದ ಮಹಾರಥಿ. ಮೊಣಕಾಲು ಕೈಕೊಟ್ಟು ಟೆಕ್ಸಸ್ಸಿನ ಈ ಊರಿಗೆ ಮರಳಿದ ಮೇಲೂ ಬ್ರೆಡ್ಡಾಗಲಿ, ಕಲ್ಲಂಗಡಿಯಾಗಲಿ, ಮೊಮ್ಮಗಳಾಗಲಿ, ಎಲ್ಲವನ್ನೂ ಕಂಕುಳಲ್ಲಿ ಬಿಗಿದೇ ನಡೆಯುತ್ತಾನೆ. “ಅದು ಬ್ರೆಡ್ಡು ಕಣ್ರೀ, ಅಪ್ಪಚ್ಚಿ ಆಯ್ತು!” ಎಂದು ಹೆಂಡತಿ ವರ್ಲೀನ್ ದಿನಾ ಕೂಗುತ್ತಾಳೆ. ಅವನ ತಂಡದಲ್ಲಿ, ಪಂದ್ಯದಲ್ಲಿ ಚೆಂಡು ಕೈಬಿಟ್ಟವನು ವಾರವಿಡೀ ಅದನ್ನು ಹಿಡಿದೇ ತಿರುಗಬೇಕಿತ್ತು. ಊಟದ ಮೇಜಿನಲ್ಲೂ ಗೆಳೆಯರು ಕಿತ್ತುಕೊಳ್ಳಲು ಮೇಲೆ ಬೀಳುತ್ತಿದ್ದರು. ಆ ಶಿಕ್ಷೆಯನ್ನು ನೆನೆದರೆ ಈಗಲೂ ಅವನ ಮುಖ ಅರಳುತ್ತದೆ. ಅವನು ಕಲ್ಲಂಗಡಿ ಅವುಚಿಕೊಂಡು ಬೀದಿಯಲ್ಲಿ ಹಾಯುವಾಗ ಅಂಗಡಿಯೊಳಗಿಂದಲೇ ಕ್ಷೌರಿಕ ಲೂಶಿಯಸ್, “ಲೋ ಪ್ರುಯಿಟ್, ಗಟ್ಟಿಯಾಗಿ ಹಿಡ್ಕೊಳೋ, ಬಂದೆ ನೋಡು!” ಎಂದು ಕೆಣಕುತ್ತಾನೆ, ಆದರೆ ಹೊಸ್ತಿಲು ದಾಟುವುದಿಲ್ಲ. ಡೆಲ್ರಾಯ್ ನಗುತ್ತಾ ಬೀದಿಯ ಕೊನೆ ಮುಟ್ಟಿ, ಕುಂಟುತ್ತಾ ಹಿಂದಿರುಗಿ, ಮತ್ತೆ ಅದೇ ಅಂಗಡಿಯ ಮುಂದೆ ಹಾಯುತ್ತಾನೆ, ಈ ಸಲ ಕಲ್ಲಂಗಡಿಯನ್ನು ಸ್ವಲ್ಪ ಸಡಿಲವಾಗಿ ಹಿಡಿದು.