ಬೆಳಕಿಗೆ ಹಿಡಿದು ನೋಡಿದ ಸೀರೆ

೧೯೬೧ರ ಬೇಸಿಗೆ. ನನ್ನ ತಂಗಿ ಲಲಿತೆಯ ಮದುವೆ ನಿಶ್ಚಯವಾಗಿತ್ತು. ತಂದೆ ತೀರಿಕೊಂಡು ಎರಡು ವರ್ಷವಾಗಿದ್ದುದರಿಂದ ಯಜಮಾನಿಕೆ ನನ್ನದು. ನನಗಾಗ ಇಪ್ಪತ್ತನಾಲ್ಕು. ಎಸ್ಸೆಸ್ಸೆಲ್ಸಿ ಮುಗಿಸಿ ಪುತ್ತೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅರಂತೋಡಿನ ಹತ್ತಿರ ನಮ್ಮ ಮನೆ. ಅಂಗಳ ಚಿಕ್ಕದಾದ್ದರಿಂದ, ರಜೆಯಲ್ಲಿ ಖಾಲಿಯಿದ್ದ ಊರಿನ ಶಾಲೆಯ ಸಭೆ ನಡೆಸುವ ದೊಡ್ಡ ಹಾಲನ್ನು ಮದುವೆಗೆಂದು ಕೇಳಿ ಪಡೆದುಕೊಂಡೆವು.

ಅದಕ್ಕೂ ಕೆಲವು ತಿಂಗಳ ಹಿಂದೆ ನಮ್ಮ ಅಧಿಕಾರಿಯ ಮಗಳ ಮದುವೆಗೆಂದು ಮಂಗಳೂರಿಗೆ ಹೋಗಿದ್ದೆ. ಅಲ್ಲಿ ಮಂಟಪದ ಬಟ್ಟೆ, ಕಿಟಕಿಯ ಪರದೆ, ಹುಡುಗಿಯ ಸೀರೆ ಎಲ್ಲವೂ ಗುಲಾಬಿ ಬಣ್ಣ. ನಮ್ಮ ಕಡೆ ಯಾರೂ ಕಾಣದ ಸೊಗಸು. ಲಲಿತೆಯ ಮದುವೆಯೂ ಹಾಗೆಯೇ ಆಗಬೇಕೆಂದು ಹಠ ಹಿಡಿದು, ಪುತ್ತೂರಿನಿಂದ ಗುಲಾಬಿ ಬಟ್ಟೆಯನ್ನೂ ಅದೇ ಬಣ್ಣದ ಸೀರೆಯನ್ನೂ ತಂದೆ.

ನಮ್ಮಲ್ಲಿ ಮದುವೆಯ ಮಂಟಪದ ಮೇಲೆ ಬಿಳಿ ಬಟ್ಟೆಯ ಮೇಲ್ಕಟ್ಟು ಕಟ್ಟುವುದು ಮಡಿವಾಳರ ಹಕ್ಕು. ನಮ್ಮ ಮನೆಗೆ ಬರುತ್ತಿದ್ದವನು ಕಾಂತು. ನನ್ನ ತಂದೆಗಿಂತ ನಾಲ್ಕೈದು ವರ್ಷ ದೊಡ್ಡವನು. ಆದರೂ ನಾನು ಅವನನ್ನು ‘ನೀನು’ ಎಂದೇ ಮಾತಾಡಿಸುತ್ತಿದ್ದೆ. ಅಮ್ಮನೂ ನಾನೂ ಅವನನ್ನು ಶಾಲೆಗೆ ಕರೆದುಕೊಂಡು ಹೋಗಿ, ಈ ಸಲ ಮೇಲ್ಕಟ್ಟಿಗೂ ಗುಲಾಬಿ ಬಟ್ಟೆಯೇ ಎಂದಾಗ ಅವನು ಅಲ್ಲಿನ ಗೋಡೆಯನ್ನೊಮ್ಮೆ ನೋಡಿದ. ಗೋಡೆಗೆ ನೀಲಿ ಸುಣ್ಣ ಹೊಡೆದಿತ್ತು.

“ಈ ನೀಲಿಗೆ ಗುಲಾಬಿ ಕಟ್ಟಿದ್ರೆ ಪೆಟ್ಟು ಬಿದ್ದ ಮೈಯ ಹಾಗೆ ಕಾಣುದು ಧನಿಗಳೇ. ಮೇಲೆ ಬಿಳಿ ಇರಲಿ. ತಂಗಿಯಮ್ಮನಿಗೆ ಹಳದಿ ಆದೀತೋ ಎಂತದೋ, ನೋಡ್ಬೇಕು.”

“ನಿನ್ನ ಕೆಲಸ ಒಗೆಯುದು. ಬಣ್ಣ ನಾನು ನೋಡಿಕೊಳ್ತೇನೆ” ಎಂದೆ.

ಅಮ್ಮ ನಡುವೆ ಬಂದು, ಮೇಲ್ಕಟ್ಟು ಮಾತ್ರ ಪದ್ಧತಿಯಂತೆ ಕಾಂತುವಿನದ್ದೇ ಆಗಬೇಕೆಂದು ಪಟ್ಟು ಹಿಡಿದರು. ಒಪ್ಪಿಕೊಂಡೆ. ಆದರೆ ಅಂದಿನಿಂದ ಕಾಂತುವಿನ ಮೇಲೆ ನನಗೆ ಸಂಶಯ ಶುರುವಾಯಿತು. ಮೇಲ್ಕಟ್ಟು ಕಟ್ಟಿದವನಿಗೆ ಸಲ್ಲುವ ಅಕ್ಕಿ, ತೆಂಗಿನಕಾಯಿ ತಪ್ಪೀತೆಂದು ಬಣ್ಣದ ನೆವ ತೆಗೆದಿದ್ದಾನೆ ಎಂದು ಮೊದಲು ಅನಿಸಿತು. ಮರುದಿನ ನೋಡಿದರೆ ಅವನು ಶಾಲೆಯ ಹಾಲಿನ ನಡುವೆ ಒಬ್ಬನೇ ನಿಂತು, ತಲೆಯೆತ್ತಿ ಹಂಚಿನ ಮಾಡು ನೋಡುತ್ತಿದ್ದ. ಹಂಚುಗಳ ನಡುವೆ ಬೆಳಕಿಗೆಂದು ಹಾಕಿದ ಎರಡು ಗಾಜಿನ ಹಂಚುಗಳಿದ್ದವು. ನನ್ನನ್ನು ಕಂಡವನೇ, ಮುಹೂರ್ತ ಎಷ್ಟು ಗಂಟೆಗೆ ಎಂದು ಕೇಳಿದ. ಹನ್ನೊಂದಕ್ಕೆ ಎಂದೆ. ಹುಡುಗಿಯನ್ನು ಎಲ್ಲಿ ನಿಲ್ಲಿಸುವುದು, ಮುಖ ಯಾವ ಕಡೆಗೆ ಎಂದೂ ಕೇಳಿದ.

ಬಟ್ಟೆ ಕಟ್ಟುವವನಿಗೆ ಇದೆಲ್ಲ ಯಾಕೆ? ಮನೆಯವರೆಲ್ಲ ಶಾಲೆಯಲ್ಲಿರುವ ಹೊತ್ತು ತಿಳಿದುಕೊಳ್ಳುತ್ತಿದ್ದಾನೆಯೇ? ಮನೆಯ ಪೆಟ್ಟಿಗೆಯಲ್ಲಿ ಒಡವೆಗಳಿದ್ದವು. ಆ ದಿನ ಪೆಟ್ಟಿಗೆಯ ಬೀಗವನ್ನು ಎರಡೆರಡು ಸಲ ಎಳೆದು ನೋಡಿದೆ. ನೆರೆಮನೆಯ ಶೇಷಪ್ಪಣ್ಣನಿಗೆ ಹೇಳಿದಾಗ ಅವರು ನಕ್ಕು, “ಅವ ಎಂತ ಕದಿಯುದು ಮಾರಾಯ, ಊರಿನವರ ಬಟ್ಟೆಯೆಲ್ಲ ಅವನ ಮನೆಯಲ್ಲೇ ಉಂಟಲ್ಲ” ಎಂದರು. ನನಗೆ ನಗು ಬರಲಿಲ್ಲ.

ಮದುವೆಯ ಹಿಂದಿನ ದಿನ ಪೆಟ್ಟಿಗೆ ತೆರೆದರೆ ಗುಲಾಬಿ ಸೀರೆ ಇಲ್ಲ. ಅಮ್ಮನ ಹಳೆಯ ಹಳದಿ ರೇಷ್ಮೆ ಸೀರೆಯೂ ಇಲ್ಲ. ಬೀಗ ಒಡೆದಿರಲಿಲ್ಲ, ಒಡವೆಗಳು ಹಾಗೆಯೇ ಇದ್ದವು. ಅಷ್ಟು ಕಂಡಾಗಲೇ ನಿಂತು ಯೋಚಿಸಬೇಕಿತ್ತು. ಕಾಂತು ಗಂಟು ಹೊತ್ತು ಶಾಲೆಯ ಕಡೆ ಹೋದದ್ದನ್ನು ಶೇಷಪ್ಪಣ್ಣ ನೋಡಿದ್ದರು. ಅಡುಗೆಮನೆಯಲ್ಲಿ ಅಮ್ಮ ಇದ್ದರು, ಲಲಿತೆ ಸ್ನಾನಕ್ಕೆ ಹೋಗಿದ್ದಳು. ಹೆಂಗಸರಿಗೆ ಹೇಳಿದರೆ ಗಲಾಟೆಯಾದೀತೆಂದು ಯಾರನ್ನೂ ಕೇಳದೆ ಶೇಷಪ್ಪಣ್ಣನನ್ನು ಕರೆದುಕೊಂಡು ಓಡಿದೆ.

ನಾವು ಶಾಲೆ ತಲಪಿದಾಗ ಹನ್ನೊಂದು ಕಳೆದಿತ್ತು. ಚಪ್ಪರ ಹಾಕುವವರು, ಒಲೆ ಹೂಡುವವರು ಎಂದು ಹತ್ತು ಹನ್ನೆರಡು ಜನ ಅಲ್ಲಿದ್ದರು. ಕಾಂತು ಹಾಲಿನಿಂದ ಹೊರಗೆ ಬಂದು ಜಗಲಿಯಲ್ಲಿ ಗಂಟು ಕಟ್ಟುತ್ತಿದ್ದ.

“ಬಿಚ್ಚು” ಎಂದೆ.

ಅವನು ನನ್ನ ಮುಖ ನೋಡಿದ. ಬಿಚ್ಚುವಷ್ಟು ತಾಳ್ಮೆ ನನಗಿರಲಿಲ್ಲ. ನಾನೇ ಗಂಟು ಎಳೆದೆ. ಮೇಲೆ ಮೇಲ್ಕಟ್ಟಿನ ಬಿಳಿ ಬಟ್ಟೆಗಳು, ಒಗೆದು ಗಂಜಿ ಹಾಕಿ ಮಡಚಿದ್ದವು. ಒಂದೊಂದನ್ನೇ ಕೊಡವಿ ಅಂಗಳದ ಮಣ್ಣಿಗೆ ಎಸೆದೆ. ಅಡಿಯಲ್ಲಿ ಎರಡೂ ಸೀರೆಗಳಿದ್ದವು.

“ಇದು ಎಂತ ಕಾಂತು?”

“ನಾಳೆ ಮುಹೂರ್ತದ ಹೊತ್ತಿಗೆ ಗಾಜಿನ ಹಂಚಿನ ಬಿಸಿಲು ತಂಗಿಯಮ್ಮನ ಮೇಲೇ ಬೀಳುದು. ಆ ಬೆಳಕಿಗೆ ಹಿಡಿದು ನೋಡ್ಲಿಕ್ಕೆ ತಂದದ್ದು ಧನಿಗಳೇ.”

ಚಪ್ಪರದ ಮೇಲಿದ್ದ ಒಬ್ಬ, ಮಡಿವಾಳನಿಗೆ ಬಣ್ಣ ನೋಡಲು ಸೂರ್ಯನೇ ಇಳಿದು ಬರಬೇಕಂತೆ ಎಂದ. ಎಲ್ಲರೂ ನಕ್ಕರು. ನಾನು ಕಾಂತುವನ್ನು ಕಳ್ಳ ಎಂದೆ. ಒಮ್ಮೆ ಅಲ್ಲ, ಎಲ್ಲರಿಗೂ ಕೇಳುವಂತೆ ಮೂರು ಸಲ ಎಂದೆ. ಕಾಂತು ಮಣ್ಣಾದ ಬಟ್ಟೆಗಳನ್ನು ಹೆಕ್ಕಿ ಹೆಗಲಿಗೆ ಹಾಕಿಕೊಂಡು ಹೊರಟವನು ಗೇಟಿನ ಹತ್ತಿರ ತಿರುಗಿ, “ಹಳದಿಯೇ ಆಗುದು ಅಂತ ತಂಗಿಯಮ್ಮನಿಗೆ ಹೇಳಿ” ಎಂದಷ್ಟೇ ಹೇಳಿದ. ಸಿಕ್ಕಿಬಿದ್ದರೂ ಎಂಥ ನಾಟಕ ಎಂದುಕೊಂಡೆ.

ಗೆದ್ದವನಂತೆ ಮನೆಗೆ ಬಂದೆ. ಸೀರೆಗಳನ್ನು ಕಂಡ ಲಲಿತೆ, ಕಾಂತು ಯಾವುದು ಒಳ್ಳೆಯದೆಂದು ಹೇಳಿದ ಎಂದು ಕೇಳಿದಳು. ನಾನು ನಡೆದದ್ದನ್ನು ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು.

“ನಾನೇ ಕೊಟ್ಟದ್ದು ಅಣ್ಣ. ಅಮ್ಮನೂ ಇದ್ದರು. ನಿನಗೆ ಹೇಳ್ಲಿಕ್ಕೆ ಹೆದರಿಕೆಯಾಯಿತು. ಈಗಲೇ ಹೋಗಿ ಅವನನ್ನು ಕರ್ಕೊಂಡು ಬಾ.”

ಅಮ್ಮನೂ ಹಾಗೆಯೇ ಹೇಳಿದರು. ನಾನು ಹೋಗಲಿಲ್ಲ. ದಿಬ್ಬಣ ಬರುವ ಹಿಂದಿನ ದಿನ ಊರೆದುರು ಸಣ್ಣವನಾಗುವುದು ನನ್ನಿಂದ ಆಗದು, ಮದುವೆ ಮುಗಿಯಲಿ, ಅಲ್ಲಿಯವರೆಗೆ ಯಾರೂ ಬಾಯಿ ಬಿಡಕೂಡದು ಎಂದೆ. ಆವರೆಗೆ ನಾನು ಮಾಡಿದ್ದು ತಪ್ಪು. ಅಲ್ಲಿಂದ ಮುಂದೆ ಮಾಡಿದ್ದು ಪಾಪ.

ಮರುದಿನ ಬೆಳಿಗ್ಗೆ ಶಾಲೆಗೆ ಹೋದಾಗ ಮಂಟಪದ ಮೇಲೆ ಬಿಳಿ ಮೇಲ್ಕಟ್ಟು ಬಿಗಿಯಾಗಿ ನಿಂತಿತ್ತು. ಅದರಲ್ಲಿ ಒಂದು ಕಲೆಯಿರಲಿಲ್ಲ. ಕಾಂತು ನಮಗಿಂತ ಮೊದಲೇ ಬಂದು ಕಟ್ಟಿ ಹೋಗಿದ್ದ. ನಾನು ಕಿಟಕಿಗಳಿಗೆ ಕಟ್ಟಿಸಿದ್ದ ಗುಲಾಬಿ ಪರದೆಗಳು ನೀಲಿ ಗೋಡೆಯಲ್ಲಿ ಅವನು ಹೇಳಿದಂತೆಯೇ ಕಂಡವು. ಧೂಳಾಗಿದೆ ಎಂದು ಸುಳ್ಳು ಹೇಳಿ ತೆಗೆಸಿದೆ. ಲಲಿತೆ ಹಳದಿ ಸೀರೆಯುಟ್ಟು ಬಂದಳು. ಹನ್ನೊಂದಕ್ಕೆ ಧಾರೆ ಎರೆಯುವಾಗ ಮಾಡಿನ ಬಿಸಿಲು ಬಿಳಿ ಬಟ್ಟೆಯಲ್ಲಿ ಸೋಸಿ ಅವಳ ಮೇಲೆ ಇಳಿಯಿತು. ನೀಲಿ ಗೋಡೆಯ ಎದುರು ಅವಳು ದೀಪ ಹಚ್ಚಿಟ್ಟ ಹಾಗೆ ಕಂಡಳು. ಗಂಡಿನ ದೊಡ್ಡಪ್ಪ ನನ್ನ ಹೆಗಲು ತಟ್ಟಿ, ಇಷ್ಟು ಚಂದದ ಏರ್ಪಾಡು ಯಾರದ್ದು ಎಂದು ಕೇಳಿದರು.

“ನನ್ನದೇ” ಎಂದೆ. ಪಕ್ಕದಲ್ಲಿ ಶೇಷಪ್ಪಣ್ಣ ಇದ್ದರು.

ಕಾಂತು ಊಟಕ್ಕೆ ಬರಲಿಲ್ಲ. ಅವನ ಪಾಲಿನ ಅಕ್ಕಿ, ಕಾಯಿಯನ್ನು ಅಮ್ಮ ಕಳಿಸಿಕೊಟ್ಟರೆ ಹಾಗೆಯೇ ವಾಪಸು ಬಂತು. ಮಳೆಗಾಲ ಹಿಡಿಯುವಷ್ಟರಲ್ಲಿ ಊರಿನ ಒಂದೊಂದೇ ಮನೆಯವರು ಅವನಿಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಕಳ್ಳನ ಕೈಗೆ ಯಾರು ಬಟ್ಟೆ ಕೊಡುತ್ತಾರೆ? ಅವನು ಹೆಂಡತಿಯೊಡನೆ ಕಡಬದ ಕಡೆ ಹೋದನೆಂದು ಕೇಳಿದೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಳ್ಳುತ್ತ ನಾನು ಊರಿನಲ್ಲಿ ಯಾರಿಗೂ ನಿಜ ಹೇಳಲಿಲ್ಲ.

ಐದಾರು ವರ್ಷದ ಮೇಲೆ ಉಪ್ಪಿನಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ “ಧನಿಗಳೇ” ಎಂದರು. ಕಾಂತು. ತುಂಬ ಇಳಿದುಹೋಗಿದ್ದ. ಲಲಿತೆಗೆ ಮಕ್ಕಳೆಷ್ಟು ಎಂದು ಕೇಳಿದ. ನಾನು ಕ್ಷಮೆ ಕೇಳಲು ತೊಡಗಿದೆ. ಅವನು ಕೈ ಅಡ್ಡ ಹಿಡಿದ.

“ನನ್ನತ್ರ ಹೇಳಿ ಎಂತ ಮಾಡುದು? ನಾನು ಕದಿಯಲಿಲ್ಲ ಅಂತ ನನಗೆ ಗೊತ್ತುಂಟಲ್ಲ. ಅವತ್ತು ಅಲ್ಲಿದ್ದವರತ್ರ ಒಂದು ಮಾತು ಹೇಳಿ.”

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಊರಿಗೆ ಬಂದು ಶೇಷಪ್ಪಣ್ಣನ ಜಗಲಿಯವರೆಗೆ ಹೋದೆ. ಅವರು ವೀಳ್ಯದ ತಟ್ಟೆ ಮುಂದಿಟ್ಟು ಬಂದದ್ದೇನೆಂದು ಕೇಳಿದರು. ಸುಮ್ಮನೆ ಬಂದೆ ಎಂದೆ. ಎಲೆ ಹಾಕಿಕೊಂಡು ಎದ್ದು ಬಂದೆ.

ಈಗ ಶೇಷಪ್ಪಣ್ಣ ಇಲ್ಲ. ಅಂದು ಆ ಅಂಗಳದಲ್ಲಿ ನಕ್ಕವರಲ್ಲಿ ಒಬ್ಬರೂ ಉಳಿದಿಲ್ಲ. ಕಾಂತು ಕಡಬದಲ್ಲೇ ತೀರಿಕೊಂಡನಂತೆ. ಹೇಳಬೇಕಾದವರೆಲ್ಲ ಹೋದ ಮೇಲೆ, ನನ್ನ ಗುರುತು ಪರಿಚಯವಿಲ್ಲದ ನಿಮ್ಮೆದುರು ಹೇಳುತ್ತಿದ್ದೇನೆ. ಕಾಂತು ಕದ್ದಿರಲಿಲ್ಲ. ಅದು ನನಗೆ ಅದೇ ದಿನ ಮಧ್ಯಾಹ್ನ ಗೊತ್ತಿತ್ತು.